ಗಿಡ್ಡಕ್ಕೆ ಜರ್ಸಿ ಆಗುತ್ತೆ, ಹೋರಿಗೆ ಎಮ್ಮೆ ಯಾಕೆ ಆಗಲ್ಲ?

ತೀರ್ಥಹಳ್ಳಿ ಕೊಟ್ಟಿಗೆ:
ನಮ್ಮಲ್ಲಿ ಎರಡು ಮಲೆನಾಡು ಗಿಡ್ಡ ಹಸು, ಒಂದು ಎಮ್ಮೆ ಇವೆ. ಒಟ್ಟಿಗೇ ಹಕ್ಕಲಿಗೆ ಮೇಯೋಕೆ ಹೋಗುತ್ತವೆ, ಒಟ್ಟಿಗೇ ಬರುತ್ತವೆ. ಗಿಡ್ಡಕ್ಕೆ ಜರ್ಸಿ ಇಂಜೆಕ್ಷನ್ ಕೊಡಿಸಿದ್ದೆವು. ಆಗ ಹುಟ್ಟಿದ ಕಡಸು ಹೋದ ತಿಂಗಳು ತಾನೂ ಕರು ಹಾಕಿತು. ಅದು ತನ್ನ ಕರುವನ್ನು ನೆಕ್ಕುತ್ತಿರುವಾಗ ನನ್ನ ಮಗಳು ಕೇಳಿದಳು, ಎಲ್ಲಿಯದೋ ಜರ್ಸಿ ಜೊತೆ ಕರು ಆಗುತ್ತೆ, ಪಕ್ಕದ ಗೂಟದ ಎಮ್ಮೆಗೂ ನಮ್ಮೂರ ಹೋರಿಗೂ ಯಾಕೆ ಆಗಲ್ಲ ಅಂತ. ನನಗೆ ಉತ್ತರ ಹೊಳೆಯಲಿಲ್ಲ. ತಿಳಿದವರು ಹೇಳಿ.

ಪಿಯು ಮೇಡಂ, ಶಿವಮೊಗ್ಗ:
ಒಳ್ಳೆ ಪ್ರಶ್ನೆ ಕೇಳಿದ್ದಾಳೆ ಮಗಳು. ಗಿಡ್ಡವೂ ಜರ್ಸಿಯೂ ನೋಡೋಕೆ ಬೇರೆ ಅಷ್ಟೇ, ಎರಡೂ ಹತ್ತಿರದ ನೆಂಟರು, ಎರಡಕ್ಕೂ ಕ್ರೋಮೋಸೋಮ್ (ಜೀವಕೋಶದೊಳಗೆ ವಂಶದ ಗುಣ ಹೊತ್ತಿರುವ ಎಳೆಗಳು) 60. ನಮ್ಮ ಎಮ್ಮೆಗೆ 50. ಅದರ ವಂಶ ಹತ್ತಾರು ಲಕ್ಷ ವರ್ಷಗಳ ಹಿಂದೆಯೇ ಕವಲೊಡೆದಿದೆ. ಲ್ಯಾಬಿನಲ್ಲಿ ಹಸು, ಎಮ್ಮೆ ಎರಡರಲ್ಲಿ ಒಂದರ ಅಂಡಕ್ಕೆ ಇನ್ನೊಂದರ ವೀರ್ಯ ಸೇರಿಸಿ ನೋಡಿದ್ದಾರೆ. ಭ್ರೂಣ ಬೆಳೆಯೋಕೆ ಶುರುವಾಗುತ್ತದೆ, ಕೆಲವೇ ದಿನಕ್ಕೆ ನಿಂತುಹೋಗುತ್ತದೆ.

ತೀರ್ಥಹಳ್ಳಿ ಕೊಟ್ಟಿಗೆ:
ಹಾಗಾದ್ರೆ ಲೆಕ್ಕ ಒಂದೇ ಇದ್ದರೆ ಸಾಕಾ ಮೇಡಂ?

ಪಿಯು ಮೇಡಂ, ಶಿವಮೊಗ್ಗ:
ಸಾಲದು. ತ್ಯಾವರೆಕೊಪ್ಪ ಸಫಾರಿಯಲ್ಲಿ ನೋಡ್ತೀರಲ್ಲ ಹುಲಿ, ಸಿಂಹ, ಎರಡಕ್ಕೂ 38. ಆದರೂ ಅವೆರಡಕ್ಕೆ ಹುಟ್ಟಿದ ಗಂಡಿಗೆ ಮರಿ ಆಗಲ್ಲ. ಇನ್ನು ಕುದುರೆಗೆ 64, ಕತ್ತೆಗೆ 62. ಲೆಕ್ಕ ಬೇರೆ ಇದ್ದರೂ ಹೇಸರಗತ್ತೆ ಹುಟ್ಟುತ್ತದೆ, ಗಟ್ಟಿಮುಟ್ಟಾಗಿಯೂ ಇರುತ್ತದೆ. ಆದರೆ ಅದರದು 63, ಆ ಕ್ರೋಮೋಸೋಮ್‌ಗಳು ಸರಿಯಾಗಿ ಜೋಡಿ ಕೂಡಲ್ಲ, ಹಾಗಾಗಿ ಅದರ ಸಂತಾನ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ಸಾಗರದ ಕಪ್ಪೆ ಹುಚ್ಚು:
ಮಾರಾಯ್ರೇ, ಎಷ್ಟೋ ಸಲ ವಿಷಯ ಅಲ್ಲಿಯವರೆಗೂ ಹೋಗಲ್ಲ, ಜೋಡಿಯೇ ಆಗಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹಳ್ಳದಲ್ಲಿ ಜೋಗದ ಹೆಸರಿನ ರಾತ್ರಿಗಪ್ಪೆಯೂ ಇದೆ, 2014ರಲ್ಲಿ ಹೆಸರಿಟ್ಟ ಕುಂಬಾರ ಕಪ್ಪೆಯೂ ಇದೆ. ನೀರು ಒಂದೇ, ಮಳೆ ಒಂದೇ. ಆದರೆ ಕೂಗು ಬೇರೆ, ಮೊಟ್ಟೆ ನೋಡಿಕೊಳ್ಳುವ ರೀತಿಯೂ ಬೇರೆ. ಕುಂಬಾರ ಗಂಡು ಹಳ್ಳದ ತಳದಿಂದ ಕೈತುಂಬ ಕೆಸರು ಎತ್ತಿ, ಹಿಂಗಾಲ ಮೇಲೆ ನಿಂತು, ಕಡ್ಡಿಗೆ ಅಂಟಿದ ಮೊಟ್ಟೆಗೆ ಮೆತ್ತುತ್ತದೆ, ಥೇಟ್ ಮಡಕೆಗೆ ಮಣ್ಣು ಮೆತ್ತಿದ ಹಾಗೆ. ಇಂಥ ಕಪ್ಪೆಗಳಲ್ಲಿ ಹೆಣ್ಣು ತನ್ನ ಜಾತಿಯ ಕೂಗು ಕೇಳಿದ ಕಡೆಗೇ ಹೋಗುತ್ತದೆ, ಪಕ್ಕದ ಕಲ್ಲಿನ ಮೇಲೆ ಬೇರೆಯದು ಎಷ್ಟೇ ಜೋರಾಗಿ ಕೂಗಲಿ. ಮಳೆ ಹಿಡಿದ ಮೇಲೆ ನಿಮ್ಮ ತೋಟದಲ್ಲೇ ರಾತ್ರಿ ಹತ್ತು ನಿಮಿಷ ಟಾರ್ಚ್ ಆರಿಸಿ ನಿಂತು ನೋಡಿ, ಎಷ್ಟು ಬಗೆ ಕೂಗು ಅಂತ ಮಗಳಿಗೆ ಎಣಿಸೋಕೆ ಹೇಳಿ.

ತೀರ್ಥಹಳ್ಳಿ ಕೊಟ್ಟಿಗೆ:
ಎಲ್ಲ ಓದಿ ಹೇಳಿದೆ. ಹೇಸರಗತ್ತೆ ವಿಷಯ ಕೇಳಿ ಬೇಜಾರು ಮಾಡಿಕೊಂಡಳು. ನಿನ್ನೆ ರಾತ್ರಿ ತೋಟದ ಕೆರೆ ಹತ್ತಿರ ನಿಂತು ನಾಲ್ಕು ಕೂಗು ಎಣಿಸಿದ್ದಾಳೆ, ನನಗೆ ಮೂರೇ ಕೇಳಿಸಿತು.