ಪೇಪರ್ ಯಾಕೆ ನಿಲ್ಲಿಸಲ್ಲ ಅಂದ್ರೆ

ಪುಟ್ಟಿ, ಈಗ ನೋಡಿದೆ ನಿನ್ನ ಮೆಸೇಜ್. ಎಲ್ಲಾ ಫೋನಲ್ಲೇ ಬರುತ್ತೆ, ಮಡಿಕೇರಿ ಮನೆಗೆ ಇನ್ನೂ 'ಶಕ್ತಿ' ಪೇಪರ್ ಯಾಕೆ ಅತ್ತೆ, ನಿಲ್ಲಿಸಿಬಿಡಿ ಅಂದಿದ್ದೀಯಲ್ಲ. ಸ್ವಲ್ಪ ಉದ್ದ ಆಗುತ್ತದೆ, ಕೇಳು.

1956ರ ನವೆಂಬರ್ 1ರವರೆಗೆ ಕೊಡಗು ಬೇರೆಯೇ ರಾಜ್ಯ, ಗೊತ್ತಲ್ವಾ? ನಮ್ಮದೇ ವಿಧಾನಸಭೆ, 24 ಜನ ಶಾಸಕರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿ ಒಂದು ಜಿಲ್ಲೆ ಆಗಿಬಿಟ್ಟೆವು. ಮರುವರ್ಷ, 1957ರಲ್ಲಿ, ಬಿ.ಎಸ್. ಗೋಪಾಲಕೃಷ್ಣ ಅವರು ಮಡಿಕೇರಿಯಲ್ಲಿ 'ಶಕ್ತಿ' ಶುರು ಮಾಡಿದರು. ಒಂದರಿಂದಲೇ ಇನ್ನೊಂದು ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಸರ್ಕಾರವೇ ಊರು ಬಿಟ್ಟು ಬೆಂಗಳೂರಿಗೆ ಹೋದ ಮೇಲೆ ಭಾಗಮಂಡಲದಲ್ಲಿ ನೀರು ರಸ್ತೆಗೆ ಬಂತು ಅಂತ ಯಾರು ಬರೆಯಬೇಕು?

ಹೊರಗಿನ ಪೇಪರುಗಳು ಬರುತ್ತಿದ್ದವು, ಇಲ್ಲ ಅಂತಲ್ಲ. ಇವತ್ತಿಗೂ ನಮಗೆ ರೈಲಿಲ್ಲ, ಎಲ್ಲಾ ಘಾಟಿ ಹತ್ತಿಯೇ ಬರಬೇಕು. ಮಳೆಗಾಲದಲ್ಲಿ ಮರ ಬಿತ್ತು ಅಂದರೆ ಬಸ್ಸೂ ಇಲ್ಲ, ಪೇಪರೂ ಇಲ್ಲ. ಆಗೆಲ್ಲ ಸಣ್ಣ ಊರಿನ ಪ್ರೆಸ್ ಅಂದರೆ ಸೀಸದ ಅಚ್ಚಿನ ಮೊಳೆ, ಅಂದರೆ ಅಕ್ಷರದ ಅಚ್ಚು, ಒಂದೊಂದೇ ಹೆಕ್ಕಿ ಜೋಡಿಸುವುದು, ಅದೂ ತಿರುವುಮುರುವಾಗಿ. ನಮ್ಮ ಕನ್ನಡದ ಒತ್ತಕ್ಷರಕ್ಕೆಲ್ಲ ಬೇರೆ ಬೇರೆ ಮೊಳೆ, ಆ ಜನರ ಕಣ್ಣು ಏನಾಗಿರಬೇಡ!

ನಿನ್ನ ಅಜ್ಜ ಪೇಪರ್ ಬಿಚ್ಚಿದ ತಕ್ಷಣ ನೋಡುತ್ತಿದ್ದದ್ದು ನಿಧನ. ನಾವು ನಗುತ್ತಿದ್ದೆವು. ಈಗ ನಾನೂ ಅದನ್ನೇ ಮೊದಲು ನೋಡುತ್ತೇನೆ, ಏನು ಮಾಡುವುದು. ಆಮೇಲೆ ಮಳೆ ಎಷ್ಟು ಇಂಚು, ಹಾರಂಗಿ ಅಣೆಕಟ್ಟಿನಲ್ಲಿ ನೀರು ಎಷ್ಟು, ಕರಿಮೆಣಸಿನ ರೇಟು, ಯಾರ ತೋಟಕ್ಕೆ ಆನೆ ನುಗ್ಗಿತು. ತುಲಾ ಸಂಕ್ರಮಣ ಬಂದರೆ ತಲಕಾವೇರಿಯಲ್ಲಿ ತೀರ್ಥೋದ್ಭವ ಎಷ್ಟು ಗಂಟೆಗೆ ಅಂತ. ದೆಹಲಿ ಸುದ್ದಿ ಟೀವಿಯವರು ಬೇಕಾದಷ್ಟು ಕಿರುಚುತ್ತಾರೆ, ಬಿಡು.

ಫೋನಲ್ಲಿ ಬರುತ್ತದೆ ಅಂತೀಯಲ್ಲ, ಹೋದ ಮಳೆಗಾಲದಲ್ಲಿ ಈ ಗ್ರೂಪಲ್ಲೇ ನಾಳೆ ಶಾಲೆಗೆ ರಜೆ ಅಂತ ಯಾರೋ ಹಾಕಿದ್ದರು. ಅದು ಹಿಂದಿನ ವರ್ಷದ ಆದೇಶ! ಪಕ್ಕದ ಮನೆ ಹುಡುಗ ಸುಮ್ನೆ ಮನೆಯಲ್ಲಿ ಕೂತ.

ಈ ತಿಂಗಳ ಪೇಪರ್ ದುಡ್ಡು ಕೊಟ್ಟಾಗಿದೆ. ನೀನು ಬರುವಾಗ ಹಳೇ ಕಟ್ಟು ಅಟ್ಟದಿಂದ ಇಳಿಸಿಕೊಡು, ನನಗೆ ಮಂಡಿ ನೋವು, ಏಣಿ ಹತ್ತೋಕೆ ಆಗಲ್ಲ.