ಕಾರ್ಡಿನಲ್ಲಿ ಬಿಟ್ಟುಹೋದ ಹೆಸರು

ಕೆಂಗೇರಿಯ ಚಿಕ್ಕಪ್ಪನ ಗೃಹಪ್ರವೇಶದ ಕಾರ್ಡಿನಲ್ಲಿ ಮಲ್ಲೇಶ್ವರದ ಅತ್ತೆಯ ಹೆಸರಿಲ್ಲ. ನಿನ್ನೆ ಅತ್ತೆ ಫ್ಯಾಮಿಲಿ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ನೀರಲ್ಲಿ ಮುಳುಗಿದ ಮಂಜುಗಡ್ಡೆ, ಅದರ ಮೇಲೆ ಮನಸ್ಸಿನ ಮೂರು ಭಾಗ ಅನ್ನುವ ಇಡ್, ಈಗೊ, ಸೂಪರ್‌ಈಗೊ, ಪಕ್ಕದಲ್ಲಿ ಮನೋವಿಶ್ಲೇಷಣೆ ಶುರುಮಾಡಿದ ವಿಯೆನ್ನಾದ ವೈದ್ಯ, ಗಡ್ಡದ ಫ್ರಾಯ್ಡ್. ಕೆಳಗೆ: "ಮನಸ್ಸಿನ 95% ಸುಪ್ತ. ಮರೆವು ಅನ್ನುವುದೇ ಇಲ್ಲ, ಇರುವುದು ಬಚ್ಚಿಟ್ಟ ದ್ವೇಷ."

ಅತ್ತೆ: ಎಲ್ಲರೂ ಓದಿ. ಮುಖ್ಯವಾಗಿ ಕೆಂಗೇರಿಯವರು.

ಚಿಕ್ಕಪ್ಪ: ಅಕ್ಕ, ಎಷ್ಟು ಸಲ ಹೇಳಲಿ? ಸುಲ್ತಾನ್‌ಪೇಟೆಯ ಪ್ರೆಸ್ಸಿನವನು ಟೈಪ್ ಮಾಡುವಾಗ ಆಗಮನಾಭಿಲಾಷಿಗಳಲ್ಲಿ ಒಂದು ಲೈನ್ ಹಾರಿಸಿಬಿಟ್ಟ.

ಅತ್ತೆ: ಪ್ರೂಫ್ ನೋಡಿದ್ದೂ ಅವನೇನಾ? ನಿನ್ನ ನಾದಿನಿಯ ಕೈಗೂಸಿನ ಹೆಸರೂ ಇದೆ. ನನ್ನದು ಮಾತ್ರ ಹಾರಿತಾ?

ಚಿಕ್ಕಮ್ಮ: ಅತ್ತಿಗೆ, ನಿಮ್ಮನ್ನು ಬಿಟ್ಟು ಪೂಜೆ ಆಗುತ್ತದಾ?

ಕಿಟ್ಟಿ: ಅತ್ತೆ, ಫ್ರಾಯ್ಡ್ ಹೇಳಿದ್ದು ಸೈನ್ಸೇ ಅಲ್ಲ ಅಂತ ತತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ ಆಗಲೇ ಹೇಳಿದ್ದಾರೆ. ಚಿಕ್ಕಪ್ಪ "ಹೌದು, ಸಿಟ್ಟಿತ್ತು" ಅಂದರೆ ಥಿಯರಿ ಸರಿ. "ಇಲ್ಲ" ಅಂದರೆ ಸಿಟ್ಟನ್ನು ಅದುಮಿಟ್ಟಿದ್ದಾರೆ ಅಂತ, ಆಗಲೂ ಥಿಯರಿ ಸರಿ. ಯಾವತ್ತೂ ಸೋಲದ ಥಿಯರಿಯನ್ನು ನಂಬುವುದು ಹೇಗೆ?

ಅತ್ತೆ: ನೀನು ಚಿಕ್ಕಪ್ಪನ ಪಾರ್ಟಿ. ಗೊತ್ತಿತ್ತು.

ದೊಡ್ಡಪ್ಪ: ಮನಸ್ಸಿನ ಬಗ್ಗೆ ನಮ್ಮ ಋಷಿಗಳು ಎಂದೋ ಹೇಳಿದ್ದಾರೆ. ವಿಯೆನ್ನಾದವನು ಯಾಕೆ ಬೇಕು 🙏

ನಾನು: ದೊಡ್ಡಪ್ಪ, ಕಲ್ಕತ್ತದ ಗಿರೀಂದ್ರಶೇಖರ ಬೋಸ್ 1922ರಲ್ಲೇ ಇಲ್ಲಿ ಮನೋವಿಶ್ಲೇಷಣೆಯ ಸಂಘ ಕಟ್ಟಿದ್ದರು. ಫ್ರಾಯ್ಡ್‌ಗೇ ಪತ್ರ ಬರೆದು ವಾದವನ್ನೂ ಮಾಡಿದ್ದರು. ಅದು ಇನ್ನೊಂದು ದಿನಕ್ಕಿರಲಿ.

ಅತ್ತೆ, ಕಾಲೇಜಿನಲ್ಲಿ ನಾನು ಪಾಠ ಮಾಡುವುದೇ ಇದನ್ನು, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಈ 95% ಫ್ರಾಯ್ಡ್‌ನ ಲೆಕ್ಕವಲ್ಲ. ಇಡ್, ಈಗೊ ಎಲ್ಲ ಈ ರೂಪದಲ್ಲಿ ಬಂದಿದ್ದು 1923ರಲ್ಲಿ. ಮರೆವಿನ ಬಗ್ಗೆ ಆತ ಪುಸ್ತಕ ಬರೆದಿದ್ದು 1901ರಲ್ಲೇ. ಅದು ಶುರುವಾಗುವುದು ಆತನದೇ ಮರೆವಿನಿಂದ. ಇಟಲಿಯ ಓರ್ವಿಯೆತೊ ಚರ್ಚಿನಲ್ಲಿ ಗೋಡೆಚಿತ್ರ ಬರೆದವನು ಸಿನ್ಯೊರೆಲ್ಲಿ. ಪ್ರಯಾಣದಲ್ಲಿ ಮಾತಾಡುವಾಗ ಆ ಹೆಸರು ಬಾಯಿಗೆ ಬರಲಿಲ್ಲ. ಬದಲಿಗೆ ಬೊತ್ತಿಚೆಲ್ಲಿ, ಬೊಲ್ತ್ರಾಫಿಯೊ ಅಂತ ಬೇರೆ ಚಿತ್ರಕಾರರ ಹೆಸರು ಬಂತು. ಬೊಲ್ತ್ರಾಫಿಯೊ ಯಾಕೆ? ತನ್ನ ರೋಗಿಯೊಬ್ಬ ಆತ್ಮಹತ್ಯೆ ಮಾಡಿಕೊಂಡ ಸುದ್ದಿ ಫ್ರಾಯ್ಡ್‌ಗೆ ತಲುಪಿದ್ದು ತ್ರಫೊಯ್ ಎಂಬ ಊರಿನಲ್ಲಿ. ಆ ಸಾವನ್ನು ನೆನೆಯುವುದು ಬೇಡವಾಗಿತ್ತು. ಅದರ ಜೊತೆ ಪಾಪ ಸಿನ್ಯೊರೆಲ್ಲಿಯೂ ಕೊಚ್ಚಿಹೋದ.

ಚಿತ್ರಕಾರನ ಮೇಲೆ ಫ್ರಾಯ್ಡ್‌ಗೆ ಯಾವ ದ್ವೇಷವೂ ಇರಲಿಲ್ಲ, ಅಲ್ವಾ? ಇನ್ನೊಂದು ವಿಷಯ. ಎಳೆ ಹಿಡಿದು ಹೋಗಿದ್ದು ಮರೆತವನೇ. ಏನು ನೆನಪಾಗುತ್ತದೆ ಅಂತ ಅವನೇ ಹೇಳಬೇಕು. ಎದುರಿನವರು ಸುಮ್ನೆ ತೀರ್ಪು ಕೊಡುವ ಹಾಗಿಲ್ಲ.

ಕಿಟ್ಟಿ: ಅದನ್ನಾದರೂ ಎಲ್ಲರೂ ಒಪ್ಪಿದ್ದಾರಾ?

ನಾನು: ಇಲ್ಲ. ತಿಂಪನಾರೊ ಅಂತ ಇಟಲಿಯ ವಿದ್ವಾಂಸ. ಹಳೆ ಗ್ರಂಥಗಳ ಪಾಠ ತಿದ್ದುವುದೇ ಅವರ ಕಸುಬು. ಗ್ರಂಥ ನಕಲು ಮಾಡುವವರು ಇಂಥ ತಪ್ಪನ್ನು ಸದಾ ಮಾಡುತ್ತಾರೆ, ಅದಕ್ಕೆ ಸುಪ್ತ ಮನಸ್ಸು ಬೇಕಿಲ್ಲ ಅಂತ 1974ರಲ್ಲಿ ಬರೆದರು. ಒಂದೇ ಥರದ ಎರಡು ಸಾಲಿದ್ದರೆ ಕಣ್ಣು ಮೇಲಿನದರಿಂದ ಕೆಳಗಿನದಕ್ಕೆ ಜಾರುತ್ತದೆ.

ಚಿಕ್ಕಪ್ಪ: ಅದೇ! ಎರಡು ಸಾಲೂ "ಶ್ರೀಮತಿ ಮತ್ತು ಶ್ರೀ" ಅಂತಲೇ ಶುರು. ಒಂದು ಉಳಿಯಿತು, ಒಂದು ಹೋಯಿತು.

ಅತ್ತೆ: ಇರು. ಮರೆತವನೇ ಹೇಳಬೇಕು ಅಂದಳಲ್ಲ ಇವಳು. ಹೇಳು. ಪ್ರೂಫ್ ಕೈಯಲ್ಲಿ ಹಿಡಿದಾಗ ಏನು ಯೋಚಿಸುತ್ತಿದ್ದೆ?

ಚಿಕ್ಕಪ್ಪ ಟೈಪ್ ಮಾಡುವುದು ಕಾಣುತ್ತಿತ್ತು. ನಿಂತಿತು. ಮತ್ತೆ ಶುರುವಾಯಿತು. ನಾನು ಪಾಠ ಮಾಡಬಾರದಿತ್ತೇನೋ.

ಚಿಕ್ಕಪ್ಪ: ಅಪ್ಪನ ಮನೆ. ರಾಜಾಜಿನಗರದ್ದು. ಅದು ಇದ್ದಿದ್ದರೆ ಕೆಂಗೇರಿಗೆ ಯಾಕೆ ಬರಬೇಕಿತ್ತು ಅಂತ.

ಅತ್ತೆ: ಮಾರಿದ್ದು ನಾನೊಬ್ಬಳೇನಾ?

ಚಿಕ್ಕಪ್ಪ: ಹಾಗೆ ಹೇಳಲಿಲ್ಲ ಅಕ್ಕ. ಕೇಳಿದೆ, ಹೇಳಿದೆ.

ದೊಡ್ಡಪ್ಪ: ಸಾಕು. ಇದೆಲ್ಲ ಗುಂಪಿನಲ್ಲಿ ಬೇಡ.

ಕಿಟ್ಟಿ: ಅಪ್ಪ, ಮಾರುವಾಗ ನೀವೂ ಸೈನ್ ಹಾಕಿದ್ದಿರಿ. ನಿಮ್ಮ ಹೆಸರು ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿದೆ. ಫ್ರಾಯ್ಡ್ ಇದಕ್ಕೇನು ಹೇಳುತ್ತಾರೆ?

ನಾನು ಉತ್ತರ ಹುಡುಕುವಷ್ಟರಲ್ಲಿ ಚಿಕ್ಕಮ್ಮ ಬಂದರು.

ಚಿಕ್ಕಮ್ಮ: ಅತ್ತಿಗೆ, ನಿಮ್ಮ ಹೆಸರಿನ ಸ್ಟಿಕ್ಕರ್ ಮಾಡಿಸಿದ್ದೇವೆ. ಎಲ್ಲ ಕಾರ್ಡಿಗೂ ಅಂಟಿಸುತ್ತೇವೆ.

ಅತ್ತೆ: ಸ್ಟಿಕ್ಕರ್ ಬೇಡ. ಹೊಸ ಕಾರ್ಡು. ಈ ಸಲ ಪ್ರೂಫ್ ನಾನು ನೋಡುತ್ತೇನೆ.