ಫ್ರಾಂಚೈಸಿ ಅಂಗಡಿಗೆ ಕಂಪನಿ ಕೊಟ್ಟ ನಕ್ಷೆಯೇ ಸಾಕಾ?

ಪ್ರಶ್ನೆ: ಹಳೇ ಪೀಠೋಪಕರಣ ಮಳಿಗೆಯೊಂದನ್ನು ಫ್ರಾಂಚೈಸಿ ಕನ್ವೀನಿಯನ್ಸ್ ಸ್ಟೋರ್ ಮಾಡುತ್ತಿದ್ದೇನೆ. ಕಂಪನಿಯವರು ಮಾದರಿ ನಕ್ಷೆ ಕಳಿಸಿದ್ದಾರೆ. ನಮ್ಮ ಕಟ್ಟಡದ ನಡುವೆ ಎರಡು ಕಂಬಗಳಿವೆ, ಅವರ ನಕ್ಷೆಯಲ್ಲಿ ಒಂದೂ ಇಲ್ಲ. ಅದನ್ನೇ ಅನುಮತಿಗೆ ಕೊಡಬಹುದಾ?

ಉತ್ತರ 1: ದಯವಿಟ್ಟು ಕೊಡಬೇಡಿ. ಅದು ಕಪಾಟು, ಕೌಂಟರ್, ಬೋರ್ಡ್ ಹೇಗಿರಬೇಕು ಅಂತ ತೋರಿಸುವ ನಕ್ಷೆ ಅಷ್ಟೇ. ನಿಮ್ಮೂರಿನ ನಿಯಮ ಗೊತ್ತಿರುವ ಆರ್ಕಿಟೆಕ್ಟ್ ಅದನ್ನು ನಿಮ್ಮ ಕಟ್ಟಡಕ್ಕೆ ಹೊಂದಿಸಿ ಬರೆಯಬೇಕು. ಅದಕ್ಕೂ ಮೊದಲು ಕಟ್ಟಡವನ್ನು ಹೊಸದಾಗಿ ಅಳೆಸಿ. ನಾನು ಹಳೇ ನಕ್ಷೆ ನಂಬಿ ಕೆಟ್ಟೆ. ತೊಲೆ ಎಷ್ಟು ಕೆಳಗೆ ಇಳಿದಿದೆ ಅಂತ ಅದರಲ್ಲಿ ಇರಲೇ ಇಲ್ಲ. ವಾಕ್-ಇನ್ ಕೂಲರ್‌ನ (ಒಳಗೆ ನಡೆದು ಹೋಗುವಷ್ಟು ದೊಡ್ಡ ತಣ್ಣನೆಯ ಕೋಣೆ) ಪ್ಯಾನೆಲ್ ಎತ್ತಿ ನಿಲ್ಲಿಸಿದಾಗ ಆರು ಸೆಂಟಿಮೀಟರ್ ಹೆಚ್ಚಾಗಿ ತೊಲೆಗೆ ತಾಗಿತು. ಕೆಲಸ ಅಲ್ಲೇ ನಿಂತಿತು. ಆವತ್ತಿನ ಸಂಕಟ ಯಾರಿಗೂ ಬೇಡ.

ಉತ್ತರ 2: ಕಂಬ ಕೌಂಟರ್ ಮತ್ತು ಬಾಗಿಲಿನ ನಡುವೆ ಬರದ ಹಾಗೆ ನೋಡಿಕೊಳ್ಳಿ. ಕೌಂಟರ್‌ನಲ್ಲಿ ನಿಂತವರಿಗೆ ಬಾಗಿಲು ಕಾಣಲೇಬೇಕು, ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುತ್ತಾರೆ ಅಲ್ವಾ? ಫ್ರಿಜ್‌ಗಳು ಹಗಲೂ ರಾತ್ರಿ ಓಡುತ್ತವೆ, ಹಾಗಾಗಿ ವಿದ್ಯುತ್ ಲೋಡ್ ಈಗಲೇ ಲೆಕ್ಕ ಹಾಕಿಸಿ. ಕೂಲರ್ ನೀರು ಹೋಗಲು ನೆಲದಲ್ಲಿ ಡ್ರೈನ್ ಬೇಕು. ಟೈಲ್ಸ್ ಹಾಕಿದ ಮೇಲೆ ಅಗೆಯೋದು ನೋಡೋಕೆ ಆಗಲ್ಲ. ಮೆಟ್ಟಿಲಿದ್ದರೆ ರ‍್ಯಾಂಪ್‌ಗೂ ಜಾಗ ಬಿಡಿ. 1:12 ಇಳಿಜಾರು ಅಂದರೆ 30 ಸೆಂಟಿಮೀಟರ್ ಎತ್ತರಕ್ಕೆ 3.6 ಮೀಟರ್ ಉದ್ದ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ನಾಳೆ ಬೆಳಿಗ್ಗೆ ತೊಲೆಯಿಂದಲೇ ಅಳತೆ ಶುರು ಮಾಡಿಸುತ್ತೇನೆ.